ಆ ಸಾಲು ತೆಗೆದು ಓದಿ ನೋಡಿ

ಹೈಸ್ಕೂಲ್ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ವರ್ಷದ ಕೊನೆಗೆ ರೆಟರಿಕ್, ಅಂದರೆ ಮಾತಿನಿಂದ ಒಪ್ಪಿಸುವ ಕಲೆಯ ಪರೀಕ್ಷೆ ಇರುತ್ತದೆ. ಹಿಂದೆಂದೂ ಓದಿರದ ಒಂದು ಭಾಷಣ ಕೊಡುತ್ತಾರೆ. ಭಾಷಣ ಮಾಡಿದವರು ಕೇಳುಗರನ್ನು ಹೇಗೆ ಒಪ್ಪಿಸುತ್ತಿದ್ದಾರೆ ಎಂದು ಮಕ್ಕಳು ಬಿಡಿಸಿ ಬರೆಯಬೇಕು.

ಮೊದಲ ವರ್ಷ ಭಾಷಣ ತಂತ್ರಗಳ ಹೆಸರಿರುವ 60 ಪದಗಳ ಪಟ್ಟಿ ಕೊಟ್ಟಿದ್ದೆ. ಮಕ್ಕಳು ಪಾಪ, ಪೂರ್ತಿ ಬಾಯಿಪಾಠ ಮಾಡಿದರು. ಪೇಪರ್ ತಿದ್ದಲು ಕೂತಾಗ ಬೇಜಾರಾಯಿತು. ‘ಇಲ್ಲಿ ಅನಾಫೊರಾ ಬಳಸಿದ್ದಾರೆ, ಇದರಿಂದ ಮಾತಿಗೆ ಒತ್ತು ಬರುತ್ತದೆ.’ ಅನಾಫೊರಾ ಅಂದರೆ ಸಾಲುಸಾಲಾಗಿ ಒಂದೇ ಪದದಿಂದ ಶುರು ಮಾಡುವುದು. ಒಂದಾದ ಮೇಲೊಂದು ಪೇಪರ್‌ನಲ್ಲಿ ಅದೇ ವಾಕ್ಯ. ಯಾವುದಕ್ಕೆ ಒತ್ತು? ಅಲ್ಲೇ ಯಾಕೆ? ಯಾರೂ ಬರೆದಿರಲಿಲ್ಲ. ತಪ್ಪು ಮಕ್ಕಳದ್ದಲ್ಲ. ನಾನು ಹೆಸರು ಕಲಿಸಿದ್ದೆ, ಅವರು ಹೆಸರು ಬರೆದಿದ್ದರು.

ಮುಂದಿನ ವರ್ಷ ಪಟ್ಟಿಯನ್ನು 12 ಪದಕ್ಕೆ ಇಳಿಸಿದೆ. ಅರಿಸ್ಟಾಟಲ್ ಹೇಳಿದ ಎಥೋಸ್, ಪೇಥೋಸ್, ಲೋಗೋಸ್ ಉಳಿಸಿಕೊಂಡೆ. ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ, ಅಷ್ಟೇ. ಉಳಿದ ಸಮಯವೆಲ್ಲ ಒಂದೇ ಅಭ್ಯಾಸಕ್ಕೆ ಹೋಯಿತು: ಸಾಲನ್ನು ಕೆಡಿಸಿ ಓದುವುದು.

ಶುರು ಮಾಡಿದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್‌ನ ಗೆಟಿಸ್‌ಬರ್ಗ್ ಭಾಷಣದಿಂದ. 1863ರ ನವೆಂಬರ್ 19, ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನವನ್ನು ಅರ್ಪಿಸುವ ಸಮಾರಂಭ. ಲಿಂಕನ್‌ಗಿಂತ ಮೊದಲು ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದ್ದರು. ಲಿಂಕನ್ ಆಡಿದ್ದು ಸುಮಾರು 270 ಪದ. ಅದರಲ್ಲಿನ ಒಂದು ಸಾಲನ್ನು ಬೋರ್ಡ್ ಮೇಲೆ ಬರೆದೆ: ‘ವಿ ಕೆನಾಟ್ ಡೆಡಿಕೇಟ್, ವಿ ಕೆನಾಟ್ ಕಾನ್ಸಿಕ್ರೇಟ್, ವಿ ಕೆನಾಟ್ ಹ್ಯಾಲೋ ದಿಸ್ ಗ್ರೌಂಡ್.’ ಈ ನೆಲವನ್ನು ನಾವು ಅರ್ಪಿಸಲಾರೆವು, ಪಾವನ ಮಾಡಲಾರೆವು, ಪವಿತ್ರ ಮಾಡಲಾರೆವು ಅಂತ. ಕೆಳಗೆ ಕೆಡಿಸಿದ ಸಾಲು: ‘ವಿ ಕೆನಾಟ್ ಡೆಡಿಕೇಟ್, ಕಾನ್ಸಿಕ್ರೇಟ್ ಆರ್ ಹ್ಯಾಲೋ ದಿಸ್ ಗ್ರೌಂಡ್.’ ಎರಡನ್ನೂ ಜೋರಾಗಿ ಓದಿಸಿದೆ. ಏನು ಕಡಿಮೆಯಾಯಿತು ಅಂತ ಕೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ ಹೇಳಿದಳು: ‘ಮಿಸ್, ಅವರೆಲ್ಲ ಬಂದಿರೋದೇ ಡೆಡಿಕೇಟ್ ಮಾಡೋಕೆ ಅಲ್ವಾ? ಇವರು ನಮ್ ಕೈಲಾಗಲ್ಲ ಅಂತಿದಾರೆ. ಒಂದ್ ಸಲ ಹೇಳಿದ್ರೆ ಸುಮ್ನೆ ವಿನಯಕ್ಕೆ ಹೇಳಿದ್ರು ಅನ್ಕೋತಾರೆ. ಮೂರು ಸಲ ಹೇಳಿದ್ರೆ, ಹಾಗಾದ್ರೆ ಯಾರ ಕೈಲಾಗುತ್ತೆ ಅಂತ ಕಾಯ್ತಾರೆ.’

ಮುಂದಿನ ವಾಕ್ಯದಲ್ಲಿ ಲಿಂಕನ್ ಹೇಳುವುದೂ ಅದನ್ನೇ: ಇಲ್ಲಿ ಹೋರಾಡಿದವರು ಆಗಲೇ ಆ ಕೆಲಸ ಮಾಡಿದ್ದಾರೆ. ಅವಳು ಅನಾಫೊರಾ ಎಂಬ ಪದವನ್ನೇ ಎತ್ತಿರಲಿಲ್ಲ. ನನಗೆ ಬೇಕಿದ್ದ ಉತ್ತರ ಅದೇ. ‘ಈಗ ಹೇಳಿದ್ದನ್ನು ಹಾಗೇ ಬರಿ, ಹೆಸರು ಆಮೇಲೆ ಸೇರಿಸು’ ಅಂದೆ.

ಆಮೇಲೆ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ. ನೂರು ವರ್ಷದ ಹಿಂದೆ ಎನ್ನಲು ಅವರು ‘ಫೈವ್ ಸ್ಕೋರ್ ಇಯರ್ಸ್ ಅಗೋ’ ಅನ್ನುತ್ತಾರೆ. ಸ್ಕೋರ್ ಅಂದರೆ ಇಪ್ಪತ್ತು. ನೇರವಾಗಿ ‘ಎ ಹಂಡ್ರೆಡ್’ ಅಂತ ಹಾಕಿ ಓದಿ ನೋಡಿ ಅಂದೆ. ಲೆಕ್ಕ ಅದೇ. ಆದರೆ ‘ಫೋರ್ ಸ್ಕೋರ್ ಅಂಡ್ ಸೆವೆನ್’ ಅಂತ ಮಾತು ಶುರು ಮಾಡಿದ್ದ ಲಿಂಕನ್ ಕಾಣೆಯಾಗುತ್ತಾರೆ. ಕಿಂಗ್ ನಿಂತಿದ್ದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಅಂತ ಹೇಳಿದಾಗ ಮಕ್ಕಳ ಮುಖ ಅರಳಿತು. ಎಲ್ಲಿ, ಯಾವಾಗ, ಯಾರ ಎದುರು ಎಂದು ಮೊದಲೇ ಕೇಳಿಕೊಳ್ಳುವುದನ್ನು ಅವತ್ತಿನಿಂದ ಅವರು ಬಿಡಲಿಲ್ಲ.

ಬರೆಯುವುದಕ್ಕೆ ಎರಡೇ ನಿಯಮ ಮಾಡಿದ್ದೆ. ಓದುವಾಗ ಪ್ರತಿ ಪ್ಯಾರಾ ಪಕ್ಕ ಒಂದು ಕ್ರಿಯಾಪದ ಬರೆಯಬೇಕು: ಹೊಗಳುತ್ತಾರೆ, ಹೆದರಿಸುತ್ತಾರೆ, ಒಪ್ಪಿಕೊಂಡು ತಿರುಗಿಸುತ್ತಾರೆ. ಇನ್ನೊಂದು, ‘ಒತ್ತು’ ಅನ್ನುವ ಪದ ನಿಷೇಧ. ಇದಕ್ಕೆ ಮಕ್ಕಳು ತುಂಬ ಗೊಣಗಿದರು. ಆದರೆ ಉತ್ತರ ಸುಧಾರಿಸಿದ್ದು ಇದರಿಂದಲೇ ಜಾಸ್ತಿ ಅಂತ ನನಗನ್ನಿಸುತ್ತದೆ. ಕೊನೆಯ ವಾರ ಹೊಸ ಪಾಠ ಇಟ್ಟುಕೊಳ್ಳಲಿಲ್ಲ. ಹೆಸರಿಲ್ಲದ ಹಳೆಯ ಉತ್ತರಗಳನ್ನು ಅವರ ಕೈಲೇ ತಿದ್ದಿಸಿದೆ. ನನಗಿಂತ ಬಿಗಿಯಾಗಿ ಅಂಕ ಕೊಟ್ಟರು.

ಪರೀಕ್ಷೆಯ ದಿನ ಹಾಲ್‌ನಲ್ಲಿ ಓಡಾಡುತ್ತಿದ್ದಾಗ ಒಬ್ಬ ಹುಡುಗ ಅರ್ಧ ಸಾಲನ್ನು ಬೆರಳಿನಿಂದ ಮುಚ್ಚಿ, ತುಟಿಯಲ್ಲೇ ಓದಿಕೊಳ್ಳುತ್ತಿದ್ದ. ಬೆರಳು ತೆಗೆದು ಮತ್ತೆ ಓದಿದ. ಆಮೇಲೆ ಬರೆಯಲು ಶುರು ಮಾಡಿದ.

ಎರಡು ಭಾಷಣ ಹೋಲಿಸುವ ಪ್ರಶ್ನೆಯಲ್ಲಿ ಮಾತ್ರ ಇನ್ನೂ ಎಡವುತ್ತಾರೆ. ಒಂದರ ಬಗ್ಗೆ ಬರೆದು ಮುಗಿಸಿ, ಆಮೇಲೆ ಇನ್ನೊಂದು ಎತ್ತಿಕೊಳ್ಳುತ್ತಾರೆ. ಈ ಸಲ ಲಿಂಕನ್, ಕಿಂಗ್ ಇಬ್ಬರನ್ನೂ ಮೊದಲ ದಿನದಿಂದಲೇ ಅಕ್ಕಪಕ್ಕ ಇಟ್ಟು ಓದಿಸುತ್ತಿದ್ದೇನೆ.