ಬಲಗಡೆ ಕಿಡ್ನಿಯಲ್ಲಿ ಕಂಡ ಮಸುಕು ಪಟ್ಟಿ

ಇಲಿಗೆ ನೆಲ್ಲಿಕಾಯಿ ಬೇಕಿಲ್ಲ. ವಿಟಮಿನ್ ಸಿ ಅದರ ಲಿವರ್‌ನಲ್ಲೇ ತಯಾರಾಗುತ್ತದೆ. ಆ ತಯಾರಿಯ ಕೊನೆಯ ಹಂತವನ್ನು ನಡೆಸುವ ಕಿಣ್ವದ ಹೆಸರು ಗುಲೊನೊಲ್ಯಾಕ್ಟೋನ್ ಆಕ್ಸಿಡೇಸ್. ಇಷ್ಟುದ್ದ ಹೆಸರು ಯಾರು ಹೇಳುತ್ತಾರೆ? ನಮಗೆ ಅದು ಬರೀ 'ಗುಲೋ'. 1995ರಲ್ಲಿ ಅಮೆರಿಕದ ಲ್ಯಾಬ್ ಒಂದರಲ್ಲಿದ್ದಾಗ ನನ್ನ ಪಾಲಿಗೆ ಬಂದ ಪ್ರಶ್ನೆ ಎರಡು. ಈ ಕಿಣ್ವವನ್ನು ಮಾಡಿಸುವ ಜೀನ್ (ಅದಕ್ಕೂ ಗುಲೋ ಅಂತಲೇ ಹೆಸರು) ಇಲಿಯ ಯಾವ ಅಂಗಗಳಲ್ಲಿ ಕೆಲಸ ಮಾಡುತ್ತದೆ? ಅದು ಇರುವುದು ಯಾವ ಕ್ರೋಮೋಸೋಮಿನಲ್ಲಿ?

ಮೊದಲನೆಯದಕ್ಕೆ ನಾರ್ದರ್ನ್ ಬ್ಲಾಟ್. ಜೀನ್ ಕೆಲಸ ಮಾಡುವ ಅಂಗದಲ್ಲಿ ಅದರ ಆರ್‌ಎನ್‌ಎ ಪ್ರತಿಗಳಿರುತ್ತವೆ, ಅವನ್ನು ಹುಡುಕುವ ವಿಧಾನ ಇದು. ಅಂಗಗಳನ್ನು ತೆಗೆದ ಕೂಡಲೇ ದ್ರವ ನೈಟ್ರೋಜನ್‌ಗೆ ಹಾಕಬೇಕು. ಪ್ಯಾಂಕ್ರಿಯಾಸ್ ವಿಷಯದಲ್ಲಂತೂ ಒಂದು ನಿಮಿಷ ತಡವಾದರೂ ಕಷ್ಟ. ಅದರೊಳಗಿನ ಕಿಣ್ವಗಳೇ ಆರ್‌ಎನ್‌ಎಯನ್ನು ತಿಂದುಹಾಕುತ್ತವೆ. ಒಂದೊಂದು ಅಂಗಕ್ಕೆ ಜೆಲ್ಲಿನಲ್ಲಿ ಒಂದೊಂದು ಲೇನ್, ಅಂದರೆ ಸಾಲು. ಪ್ರತಿ ಲೇನಿಗೆ 20 ಮೈಕ್ರೋಗ್ರಾಂ ಆರ್‌ಎನ್‌ಎ ಹಾಕಿ ಜೆಲ್ ಓಡಿಸಿದೆ. ಆಮೇಲೆ ಜೆಲ್ ಮೇಲೆ ನೈಲಾನ್ ಪೊರೆ, ಅದರ ಮೇಲೆ ಟಿಶ್ಯೂ ಪೇಪರಿನ ದಪ್ಪ ಕಟ್ಟು, ಎಲ್ಲದರ ಮೇಲೆ ಒಂದು ದಪ್ಪ ಪುಸ್ತಕ. ಆರ್‌ಎನ್‌ಎ ಪೊರೆಗೆ ಏರಲಿ ಅಂತ ರಾತ್ರಿಯಿಡೀ ಹಾಗೇ ಬಿಡುವುದು. ಮರುದಿನ ವಿಕಿರಣಶೀಲ ರಂಜಕ ಸೇರಿಸಿದ ಪ್ರೋಬ್ (ಗುಲೋ ಆರ್‌ಎನ್‌ಎಗೆ ಅಂಟಿಕೊಳ್ಳುವ ಡಿಎನ್‌ಎ ತುಣುಕು) ಹಾಕಿ, ತೊಳೆದು, ಎಕ್ಸ್‌ರೇ ಫಿಲ್ಮ್ ಇಟ್ಟು ಕಾದೆ.

ನನ್ನ ಆಸೆಯೆಲ್ಲ ಅಡ್ರಿನಲ್ ಗ್ರಂಥಿಯ ಮೇಲಿತ್ತು. ದೇಹದಲ್ಲಿ ವಿಟಮಿನ್ ಸಿ ತುಂಬಾ ಜಾಸ್ತಿ ಇರುವ ಜಾಗಗಳಲ್ಲಿ ಅದೂ ಒಂದು. ಅಷ್ಟು ಚಿಕ್ಕ ಗ್ರಂಥಿಯಿಂದ ಒಂದು ಲೇನಿಗಾಗುವಷ್ಟು ಆರ್‌ಎನ್‌ಎ ತೆಗೆಯಲು ಎಷ್ಟೋ ಇಲಿಗಳದ್ದನ್ನು ಒಟ್ಟು ಸೇರಿಸಿದ್ದೆ. ಫಿಲ್ಮ್ ತೊಳೆದು ನೋಡಿದರೆ ಅಡ್ರಿನಲ್ ಲೇನ್ ಖಾಲಿ. ತುಂಬಿಟ್ಟುಕೊಳ್ಳುವ ಕಣಜ ಅದು, ಬೆಳೆಯುವ ಗದ್ದೆ ಅಲ್ಲ. ಲಿವರ್ ಲೇನಿನಲ್ಲಿ ಮಾತ್ರ ದಟ್ಟ ಕಪ್ಪು ಪಟ್ಟಿ.

ಅದರ ಜೊತೆ, ಕಿಡ್ನಿ ಲೇನಿನಲ್ಲೊಂದು ಮಸುಕು ಪಟ್ಟಿ. ಕಪ್ಪೆ, ಹಲ್ಲಿಯಂಥ ಜೀವಿಗಳಲ್ಲಿ ವಿಟಮಿನ್ ಸಿ ತಯಾರಾಗುವುದು ಕಿಡ್ನಿಯಲ್ಲೇ. ಸಸ್ತನಿಗಳಲ್ಲಿ ಆ ಹಳೇ ಅಭ್ಯಾಸ ಇನ್ನೂ ಸ್ವಲ್ಪ ಉಳಿದಿದೆಯೇನೋ ಅಂತ ಎರಡು ದಿನ ಕುಣಿದಾಡಿಬಿಟ್ಟೆ. ಮೂರನೇ ದಿನ ಸೀನಿಯರ್ ಒಬ್ಬರು ಫಿಲ್ಮ್ ನೋಡಿ, "ಅದೇ ಬ್ಲಾಟ್‌ಗೆ ಆಲ್ಬುಮಿನ್ ಪ್ರೋಬ್ ಹಾಕಿ ನೋಡು" ಅಂದರು, ಅಷ್ಟೇ. ಆಲ್ಬುಮಿನ್ ಅಪ್ಪಟ ಲಿವರ್ ಸರಕು. ಹಾಕಿದೆ. ಕಿಡ್ನಿ ಲೇನ್ ಮತ್ತೆ ಬೆಳಗಿತು! ಇಲಿಯ ಬಲ ಕಿಡ್ನಿ ಲಿವರ್‌ನ ಮಡಿಲಲ್ಲೇ ಕೂತಿರುತ್ತದೆ. ನಾನು ತೆಗೆದದ್ದು ಬಲದ್ದೇ. ಲಿವರ್‌ನ ಚೂರೊಂದು ಅಂಟಿಕೊಂಡು ಬಂದಿತ್ತು. ಬೇರೆ ಕತ್ತರಿಯಲ್ಲಿ ಎಡ ಕಿಡ್ನಿ ತೆಗೆದು ಮತ್ತೆ ಮಾಡಿದಾಗ ಎರಡು ಪ್ರೋಬ್‌ಗೂ ಲೇನ್ ಖಾಲಿ.

ಮ್ಯಾಪಿಂಗ್, ಅಂದರೆ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಅಂತ ಹುಡುಕುವ ಎರಡನೇ ಕೆಲಸ, ಇಷ್ಟು ಸತಾಯಿಸಲಿಲ್ಲ. ಜಾಕ್ಸನ್ ಲ್ಯಾಬೊರೇಟರಿಯವರು ಮಾಡಿದ್ದ ಬ್ಯಾಕ್‌ಕ್ರಾಸ್‌ನ 94 ಇಲಿಗಳ ಡಿಎನ್‌ಎ ತರಿಸಿಕೊಂಡೆವು. ಲ್ಯಾಬಿನ ಕಪ್ಪು ಇಲಿಗೂ ಸ್ಪೇನ್ ಕಡೆಯ ಕಾಡಿಲಿ ಮುಸ್ ಸ್ಪ್ರೆಟಸ್‌ಗೂ ಹುಟ್ಟಿದ ಹೆಣ್ಣನ್ನು ಮತ್ತೆ ಸ್ಪ್ರೆಟಸ್ ಗಂಡಿಗೆ ಕೂಡಿಸಿ ಪಡೆದ ಮರಿಗಳವು. (ಮೊದಲ ತಲೆಮಾರಿನ ಗಂಡುಗಳಿಗೆ ಮರಿಯಾಗುವುದಿಲ್ಲ, ಹಾಗಾಗಿ ಹೆಣ್ಣೇ ಗತಿ.) ಗುಲೋ ಜೀನಿನಲ್ಲಿ ಎರಡು ಜಾತಿಗೂ ಇರುವ ವ್ಯತ್ಯಾಸ ಹಿಡಿದು, ಯಾವ ಮರಿಗೆ ಕಪ್ಪು ಇಲಿಯ ಪ್ರತಿ ಬಂದಿದೆ ಅಂತ 94 ಮರಿಗಳಿಗೂ ಗುರುತು ಹಾಕುವುದು. ಆಮೇಲೆ, ಕ್ರೋಮೋಸೋಮಿನಲ್ಲಿ ಜಾಗ ಗೊತ್ತಿರುವ ಬೇರೆ ಡಿಎನ್‌ಎ ಗುರುತುಗಳ ಜೊತೆ ಹೋಲಿಸುವುದು. ಅಕ್ಕಪಕ್ಕ ಇರುವವು ಸಾಮಾನ್ಯವಾಗಿ ಒಟ್ಟಿಗೇ ಮರಿಗೆ ಹೋಗುತ್ತವೆ. 94ರಲ್ಲಿ ಒಂದು ಮರಿ ಮಾತ್ರ ತಾಳೆಯಾಗದಿದ್ದರೆ ದೂರ ಸುಮಾರು 1 ಸೆಂಟಿಮಾರ್ಗನ್ (ನೂರರಲ್ಲಿ ಒಂದು ಮರಿಯಲ್ಲಿ ಎರಡೂ ಬೇರೆಯಾಗುವಷ್ಟು ದೂರ). ಈಗ ಇದನ್ನೆಲ್ಲ ಜೀನೋಮ್ ಬ್ರೌಸರಿನಲ್ಲಿ ಹೆಸರು ಟೈಪ್ ಮಾಡಿ ನೋಡಿಬಿಡಬಹುದು, ಬಿಡಿ.

ಗುಲೋ ಹೋಗಿ ಕೂತದ್ದು 14ನೇ ಕ್ರೋಮೋಸೋಮಿನಲ್ಲಿ, ಕ್ಲಸ್ಟೆರಿನ್ ಜೀನಿನ ನೆರೆಯಲ್ಲಿ. ಮನುಷ್ಯರಲ್ಲಿ ಕ್ಲಸ್ಟೆರಿನ್ ಇರುವುದು 8ನೇ ಕ್ರೋಮೋಸೋಮಿನ ಚಿಕ್ಕ ತೋಳಿನಲ್ಲಿ, 8ಪಿ21 ಅನ್ನುವ ಜಾಗದಲ್ಲಿ. ನಮ್ಮ ದೇಹ ವಿಟಮಿನ್ ಸಿ ತಯಾರಿಸದಿರುವುದು ಗುಲೋ ಕೆಟ್ಟುಹೋದದ್ದರಿಂದ, ಆ ಕೆಟ್ಟ ಗುಲೋ ಇರುವುದೂ ಅಲ್ಲೇ ಅಂತ ಜಪಾನಿನ ನಿಶಿಕಿಮಿ ಮತ್ತು ಸಂಗಡಿಗರು 1994ರಲ್ಲೇ ಬರೆದಿದ್ದರು. ಇಲಿಯಲ್ಲೂ ನಮ್ಮಲ್ಲೂ ಅದೇ ಓಣಿ, ಅದೇ ನೆರೆಮನೆ. ನಮ್ಮ ಕಡೆಯ ಮನೆ ಮಾತ್ರ ಪಾಳುಬಿದ್ದಿದೆ.