ನಾಗರಿಕ ಹಕ್ಕುಗಳ ಪ್ರಾಜೆಕ್ಟಿಗೆ ಥರ್ಮಾಕೋಲ್ ಬೇಡ, 381 ಚೌಕ ಸಾಕು

ಮಕ್ಕಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಜಡ್ಜ್ ಆಗಿ ಹೋಗೋಕೆ ಶುರು ಮಾಡಿ ತುಂಬಾ ವರ್ಷ ಆಯ್ತು, ಈಗ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಅಂತ ಬೋರ್ಡ್ ಹಾಕಿರೋ ಟೇಬಲ್ ಕಂಡ್ರೆ ಅಲ್ಲಿ ಏನಿರತ್ತೆ ಅಂತ ಕಣ್ಮುಚ್ಚಿ ಹೇಳಬಲ್ಲೆ. ಥರ್ಮಾಕೋಲ್ ಬಸ್ಸು, ಮಾರ್ಟಿನ್ ಲೂಥರ್ ಕಿಂಗ್ ಅವರ ಕಲರ್ ಪ್ರಿಂಟೌಟು, ಸುತ್ತ ಗ್ಲಿಟರ್ ಪೆನ್ನಿನ ಬಾರ್ಡರ್ರು, ಪಕ್ಕದಲ್ಲಿ ಕೋಟು ಹಾಕ್ಕೊಂಡು 1963ರ ವಾಷಿಂಗ್ಟನ್ ಭಾಷಣ ಬಾಯಿಪಾಠ ಒಪ್ಪಿಸೋ ಒಬ್ಬ ಹುಡುಗ. ಒಂದ್ಸಲ ಅಂಥ ಹುಡುಗನ್ನ ಕೇಳ್ದೆ, 1955ರಲ್ಲಿ ಬಸ್ಸಲ್ಲಿ ಬಿಳಿಯನಿಗೆ ಸೀಟ್ ಬಿಡಲ್ಲ ಅಂದು ಬಂಧನ ಆದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವತ್ತು ಸೀಟ್ ಯಾಕಪ್ಪಾ ಬಿಟ್ಟುಕೊಡ್ಲಿಲ್ಲ? "ಅಜ್ಜಿಗೆ ಸುಸ್ತಾಗಿತ್ತು ಮಿಸ್" ಅಂದ. ಅವರಿಗೆ ಆಗ 42 ವರ್ಷ. ಟೈಲರಿಂಗ್ ಕೆಲಸ ಮಾಡ್ತಿದ್ರು ನಿಜ, ಆದ್ರೆ ಎನ್‌ಎಎಸಿಪಿ ಅನ್ನೋ ಹಕ್ಕುಗಳ ಸಂಸ್ಥೆಯ ಮಾಂಟ್ಗೋಮರಿ ಶಾಖೆಗೆ ಸೆಕ್ರೆಟರಿ ಆಗಿ ವರ್ಷಗಟ್ಟಲೆ ದುಡಿದವರು, ಅದೇ ವರ್ಷ ಬೇಸಿಗೆಯಲ್ಲಿ ಹೈಲ್ಯಾಂಡರ್ ಶಾಲೆಗೆ ಹೋಗಿ ಹೋರಾಟದ ತರಬೇತಿ ತಗೊಂಡು ಬಂದಿದ್ರು. ಅಷ್ಟು ಚಂದದ ಬಸ್ ಮಾಡಿದ ಹುಡುಗನಿಗೆ ಇದ್ಯಾವ್ದೂ ಗೊತ್ತಿರ್ಲಿಲ್ಲ, ಅದು ಅವನ ತಪ್ಪೂ ಅಲ್ಲ, ಪ್ರಾಜೆಕ್ಟ್ ಕೊಟ್ಟ ರೀತಿಯಲ್ಲೇ ತಪ್ಪಿದೆ. ಅದಕ್ಕೇ ಈ ಲೇಖನ. ಆರರಿಂದ ಹತ್ತನೇ ಕ್ಲಾಸಿನವರೆಗೆ ಯಾರ ಜೊತೆ ಬೇಕಾದ್ರೂ ಮಾಡಬಹುದು, ಎರಡು ವಾರ ಬೇಕು.

ಹಂತ 1: ಒಂದೇ ಒಂದು ಘಟನೆ ಆರಿಸ್ಕೊಳಿ

ಇಡೀ ಚಳವಳಿ ಬೇಡ. ನನ್ನ ಆಯ್ಕೆ ಯಾವಾಗ್ಲೂ ಪಾರ್ಕ್ಸ್ ಬಂಧನ ಆದ್ಮೇಲೆ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟ ಅಲಬಾಮಾದ ಮಾಂಟ್ಗೋಮರಿಯ ಬಸ್ ಬಹಿಷ್ಕಾರ, 1955 ಡಿಸೆಂಬರ್ 5ರಿಂದ 1956 ಡಿಸೆಂಬರ್ 20ರವರೆಗೆ. ಗ್ರೀನ್ಸ್‌ಬರೊದಲ್ಲಿ 1960ರ ಫೆಬ್ರವರಿ 1ಕ್ಕೆ ನಾಲ್ಕು ಜನ ಕಪ್ಪು ಕಾಲೇಜು ಹುಡುಗರು ಬಿಳಿಯರಿಗೆ ಮಾತ್ರ ಇದ್ದ ಊಟದ ಕೌಂಟರಲ್ಲಿ ಕೂತ ಕಥೆಯೂ ಆಗತ್ತೆ, ಆದ್ರೆ ಮೊದಲನೇ ಸಲ ಮಾಡೋರು ಮಾಂಟ್ಗೋಮರಿನೇ ತಗೊಳಿ, ಯಾಕಂದ್ರೆ ಅದರಲ್ಲಿ ಹೀರೋಗಿಂತ ಕೆಲಸ ಜಾಸ್ತಿ ಇದೆ.

ಹಂತ 2: ಬಸ್ಸಿನ ಒಳಗಿನ ನಕ್ಷೆ ಬರೆಸಿ

ಮಾಡೆಲ್ ಅಲ್ಲ, ನಕ್ಷೆ. ಒಂದು ಪೀರಿಯಡ್ ಸಾಕು. 36 ಸೀಟು. ಮುಂದಿನ 10 ಬಿಳಿಯರಿಗೇ ಮೀಸಲು, ಖಾಲಿ ಇದ್ರೂ ಕಪ್ಪು ಜನ ಕೂರೋ ಹಾಗಿಲ್ಲ. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಡ್ರೈವರ್ ಹೇಳ್ದಂಗೆ. ಮುಂದಿನ ಬಾಗಿಲಲ್ಲಿ ದುಡ್ಡು ಹಾಕಿ, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ಬೇಕಾಗ್ತಿತ್ತು ಎಷ್ಟೋ ಸಲ. ಮಕ್ಕಳು ಬಾಣ ಹಾಕಿ ಆ ದಾರಿ ಬರೀಲಿ. ಪಾರ್ಕ್ಸ್ ಕೂತಿದ್ದು ನಡುವಿನ ಭಾಗದಲ್ಲಿ, ಅಂದ್ರೆ ಆ ಕ್ಷಣದವರೆಗೆ ಅವರು ಆ ಊರಿನ ಪದ್ಧತಿ ಪ್ರಕಾರನೂ ತಪ್ಪು ಜಾಗದಲ್ಲಿ ಕೂತಿರ್ಲಿಲ್ಲ, ಒಬ್ಬ ಬಿಳಿಯ ಪ್ರಯಾಣಿಕ ನಿಂತಿದ್ದಕ್ಕೆ ಇಡೀ ಸಾಲಿನ ನಾಲ್ಕೂ ಜನ ಏಳ್ಬೇಕು ಅಂತ ಡ್ರೈವರ್ ಹೇಳ್ದ, ಮೂರು ಜನ ಎದ್ರು. ನಕ್ಷೆ ಬರೆದ ಮಗುವಿಗೆ ಇದು ಹೇಳದೇನೇ ಗೊತ್ತಾಗಿಬಿಡತ್ತೆ, "ಒಬ್ಬನಿಗೆ ಯಾಕೆ ನಾಲ್ಕು ಸೀಟು?" ಅಂತ ಅವರೇ ಕೇಳ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಈ ಬಸ್ಸನ್ನ ಕ್ಲಾಸಲ್ಲಿ ನಾಟಕ ಆಡಿಸ್ಬೇಡಿ. ಚೀಟಿ ಎತ್ತಿಸಿ ಅರ್ಧ ಮಕ್ಕಳನ್ನ ಹಿಂದೆ ಕೂರಿಸಿ "ಈಗ ಅನುಭವ ಆಯ್ತಾ?" ಅಂತ ಕೇಳೋ ಪದ್ಧತಿ ತುಂಬಾ ಕಡೆ ಇದೆ. ಒಂದು ಕ್ಲಾಸಲ್ಲಿ ನಾನು ಹಿಂದೆ ನಿಂತು ನೋಡ್ತಿದ್ದೆ, ಎಬ್ಬಿಸಿದ ಹುಡುಗಿ ನಗ್ತಾನೇ ಎದ್ದಳು, ಆಮೇಲೆ ಬೆಲ್ ಹೊಡೆಯೋವರೆಗೂ ಬ್ಯಾಗಿನ ಜಿಪ್ಪನ್ನ ಹಾಕೋದು ತೆಗೆಯೋದು ಮಾಡ್ತಾ ಕೂತಿದ್ಲು, ತಲೆ ಎತ್ತಲಿಲ್ಲ. ಹತ್ತು ನಿಮಿಷದ ಅವಮಾನದಿಂದ ತಲೆಮಾರುಗಳ ಅನ್ಯಾಯ ಅರ್ಥ ಆಗಲ್ಲ, ಅವಮಾನ ಮಾತ್ರ ಉಳಿಯತ್ತೆ. ಮನೆಯಲ್ಲಿ, ಬೀದಿಯಲ್ಲಿ ನಿಜವಾಗ್ಲೂ ಅದನ್ನ ಅನುಭವಿಸಿದ ಮಗು ನಿಮ್ಮ ಕ್ಲಾಸಲ್ಲೇ ಕೂತಿರಬಹುದು. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಯಲ್ಲಿ ಅವರನ್ನ ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಅಂತ ಪರಿಚಯ ಮಾಡ್ಕೊಟ್ರು, ಮೊದಲು ಅವರಿಗೆ ಬೇಜಾರಾಯ್ತು, ಆಮೇಲೆ ಯೋಚ್ನೆ ಮಾಡಿ ಹೌದು ನಾನೂ ಅಸ್ಪೃಶ್ಯನೇ ಅಂದ್ಕೊಂಡೆ ಅಂತ 1965ರಲ್ಲಿ ಅವರೇ ಚರ್ಚಿನಲ್ಲಿ ಹೇಳಿದ್ರು. ಇದನ್ನ ಮಕ್ಕಳಿಗೆ ಹೇಳಿ ಸುಮ್ಮನಿರಿ. ಹೋಲಿಕೆ ಮಾಡೋದು ಅವರಿಗೆ ಬಿಡಿ.

ಹಂತ 3: ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ನಿಜವಾದ ತೊಂದರೆ ಕೊಡಿ

ನಾಟಕದ ಬದಲು ಇದು. ಅವಮಾನ ಅಭಿನಯಿಸೋದಲ್ಲ, ಅವರು ಬಿಡಿಸಿದ ಗಂಟನ್ನ ನಾವೂ ಬಿಡಿಸೋಕೆ ನೋಡೋದು.

ಕರಪತ್ರದ ಗುಂಪು: ಪಾರ್ಕ್ಸ್ ಬಂಧನ ಆಗಿದ್ದು ಗುರುವಾರ, ಡಿಸೆಂಬರ್ 1ರ ಸಂಜೆ. ಸೋಮವಾರ ಯಾರೂ ಬಸ್ ಹತ್ತಬಾರ್ದು. ಜೋ ಆನ್ ರಾಬಿನ್ಸನ್ ಅನ್ನೋ ಕಾಲೇಜು ಮೇಡಂ, ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆ, ಅವತ್ತು ರಾತ್ರಿನೇ ಕಾಲೇಜಿನ ಸೈಕ್ಲೋಸ್ಟೈಲ್ ಮಷಿನ್ ಮುಂದೆ ನಿಂತು ಬೆಳಗಾಗೋದ್ರೊಳಗೆ ಹತ್ತಾರು ಸಾವಿರ ಕರಪತ್ರ ತೆಗೆದ್ರು. ಮಕ್ಕಳಿಗೆ ಕೊಡೋ ಷರತ್ತು ಇಷ್ಟೇ: ಹಾಳೆಯ ಮೂರನೇ ಒಂದು ಭಾಗ, ಬಣ್ಣ ಇಲ್ಲ, ಚಿತ್ರ ಇಲ್ಲ, ಬಾಗಿಲಲ್ಲಿ ನಿಂತು ಓದೋರಿಗೆ ಒಂದು ನಿಮಿಷದಲ್ಲಿ ಏನಾಯ್ತು, ಯಾವತ್ತು, ಏನು ಮಾಡ್ಬೇಕು ಅನ್ನೋದು ಗೊತ್ತಾಗ್ಬೇಕು. ಮೊದಲ ಡ್ರಾಫ್ಟಲ್ಲಿ "ಬನ್ನಿ ಒಗ್ಗೂಡೋಣ" ಅಂತೆಲ್ಲ ಬರೀತಾರೆ, ದಿನಾಂಕನೇ ಇರಲ್ಲ! ಬೇರೆ ಗುಂಪಿನ ಮಗುವಿಗೆ ಕೊಟ್ಟು ಓದಿಸಿ, "ಸೋಮವಾರ ಬೆಳಿಗ್ಗೆ ನೀನೇನ್ ಮಾಡ್ತೀಯಾ?" ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ವಾಪಸ್ ಬರೆಸಿ.

ಕಾರಿನ ಗುಂಪು: ಬಸ್ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನ, ಅಷ್ಟೂ ಜನ ಕೆಲಸಕ್ಕೆ ಹೋಗ್ಬೇಕು. ಮೊದಲು ಟ್ಯಾಕ್ಸಿಯವರು ಬಸ್ ಚಾರ್ಜಿಗೇ, 10 ಸೆಂಟಿಗೇ, ಕರ್ಕೊಂಡು ಹೋದ್ರು. ಊರಿನ ಆಡಳಿತ 45 ಸೆಂಟಿಗಿಂತ ಕಮ್ಮಿ ತಗೊಂಡ್ರೆ ಕೇಸ್ ಹಾಕ್ತೀವಿ ಅಂತು. ಈಗ ಏನ್ಮಾಡ್ತೀರಿ ಅಂತ ಅಲ್ಲಿಗೇ ಕಥೆ ನಿಲ್ಸಿ. ಮಕ್ಕಳು ನಕ್ಷೆ ಹಾಕಿ, ಸ್ಟಾಪ್ ಗುರುತು ಮಾಡಿ, ಯಾರ ಕಾರು ಎಷ್ಟು ಗಂಟೆಗೆ ಅಂತ ಟೈಮ್‌ಟೇಬಲ್ ಮಾಡಿದ ಮೇಲೆ ಹೇಳಿ: ಅಲ್ಲಿ ಸುಮಾರು 300 ಕಾರು ಓಡಿದ್ವು, ಎರಡು ವರ್ಷ ಮುಂಚೆ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಇದೇ ಥರ ಬಹಿಷ್ಕಾರ ನಡೆಸಿದವರ ಹತ್ರ ಕೇಳಿ ಕಲ್ತಿದ್ರು, ಇನ್ಷೂರೆನ್ಸ್ ಕ್ಯಾನ್ಸಲ್ ಆದಾಗ ಲಂಡನ್ನಿನ ಲಾಯ್ಡ್ಸ್‌ವರೆಗೆ ಹೋಗಿ ಪಾಲಿಸಿ ಮಾಡಿಸ್ಕೊಂಡ್ರು.

ದುಡ್ಡಿನ ಗುಂಪು: ಪೆಟ್ರೋಲಿಗೆ ದುಡ್ಡು ಎಲ್ಲಿಂದ? ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಹೆಂಗಸರನ್ನ ಸೇರಿಸಿ ಊಟ, ಕೇಕು ಮಾರಿ ದುಡ್ಡು ಎತ್ತಿದ್ರು, ಕೊಟ್ಟೋರ ಹೆಸರು ಹೊರಗೆ ಬರಬಾರ್ದು ಅಂತ ತಂಡಕ್ಕೆ 'ಕ್ಲಬ್ ಫ್ರಮ್ ನೋವೇರ್' ಅಂತ ಹೆಸರಿಟ್ರು, ದುಡ್ಡು ಎಲ್ಲಿಂದ ಬಂತು ಅಂದ್ರೆ ಎಲ್ಲಿಂದಲೂ ಇಲ್ಲ!

ಹಂತ 4: ದಿನಚರಿ ಬರೆಸೋದು, ಎಲ್ಲಾ ಕೆಡೋದು ಇಲ್ಲೇ

ಆ ಊರಿನ ಒಬ್ಬರಾಗಿ ಒಂದು ದಿನದ ಡೈರಿ ಬರೀಬೇಕು. ಕೇಳೋಕೆ ಸುಲಭ. ಕೊಟ್ಟು ನೋಡಿ, ನಲವತ್ತು ಡೈರಿಲಿ ಮೂವತ್ತೈದು ಒಂದೇ ಥರ ಇರತ್ತೆ, "ಇಂದು ನನಗೆ ತುಂಬಾ ದುಃಖವಾಯಿತು, ಕೊನೆಗೆ ನಮಗೆ ಜಯ ಸಿಗುವುದು ಖಂಡಿತ". ಅದಕ್ಕೆ ಮೂರು ನಿಯಮ, ಈ ಮೂರನ್ನ ನಾನು ಯಾರಿಗೂ ಸಡಿಲ ಮಾಡಲ್ಲ.

ಮೊದಲನೇದು, ಪಾರ್ಕ್ಸ್, ಕಿಂಗ್ ಇಬ್ಬರ ಹೆಸರಲ್ಲೂ ಬರೆಯೋ ಹಾಗಿಲ್ಲ. ನಿಜವಾಗಿ ಬದುಕಿದ್ದವರ ಮನಸ್ಸಲ್ಲಿ ಏನಿತ್ತು ಅಂತ ನಾವು ಕಟ್ಟಿ ಹೇಳಬಾರ್ದು, ಅವರ ಮಾತೇ ದಾಖಲೆಯಲ್ಲಿದೆ. ಅಡುಗೆಯವಳು, ಕಾರ್ ಓಡಿಸಿದ ಹುಡುಗ, ಖಾಲಿ ಬಸ್ ಓಡಿಸಿದ ಬಿಳಿಯ ಡ್ರೈವರ್, ಹೀಗೆ ಹೆಸರಿಲ್ಲದೋರಾಗಿ ಬರೀಲಿ.

ಎರಡನೇದು, ಗೊತ್ತಿರೋ ಸಂಗತಿ ಪೆನ್ನಲ್ಲಿ, ಕಲ್ಪನೆ ಪೆನ್ಸಿಲಲ್ಲಿ. ಒಂದೇ ವಾಕ್ಯದಲ್ಲಿ ಎರಡೂ ಬಂದ್ರೆ ಪೆನ್ನು ಪೆನ್ಸಿಲ್ ಬದಲಾಯಿಸಿ ಬರೀಬೇಕು. ಮಕ್ಕಳು ಗೊಣಗ್ತಾರೆ, ಬಿಡ್ಬೇಡಿ. ಹಾಳೆ ಎಲ್ಲಾ ಪೆನ್ಸಿಲ್ ಆದ್ರೆ ಓದಿಲ್ಲ ಅಂತ ಅರ್ಥ, ಎಲ್ಲಾ ಪೆನ್ ಆದ್ರೆ ಕಾಪಿ ಹೊಡೆದಿದ್ದಾರೆ ಅಂತ ಅರ್ಥ. ಬೇಗ ಆಗತ್ತೆ ಅಂತ ಟೈಪ್ ಮಾಡಿಸ್ಕೊಂಡು ತರೋರಿದ್ದಾರೆ, ನಾನಂತೂ ತಗೊಳಲ್ಲ.

ಮೂರನೇದೇ ಮುಖ್ಯ. ಪ್ರತಿ ಮಗುವಿಗೂ ಒಂದು ತಾರೀಖಿನ ಚೀಟಿ ಕೊಡಿ, ಆ ತಾರೀಖಿನ ಮುಂದಿನದ್ದು ಏನೂ ಡೈರಿಯಲ್ಲಿ ಬರಬಾರ್ದು. ಡಿಸೆಂಬರ್ 5ರ ಚೀಟಿ ಸಿಕ್ಕಿದವಳಿಗೆ ಇದು ಒಂದೇ ದಿನದ್ದಾ ಮುಂದುವರಿಯತ್ತಾ ಅನ್ನೋದೇ ಗೊತ್ತಿಲ್ಲ, ಅವತ್ತು ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಭೆ ಸೇರೋವರೆಗೂ. ಆಗ ಅವರು ಕೇಳ್ತಿದ್ದ ಬೇಡಿಕೆ ಎಷ್ಟು ಸಣ್ಣದು ಗೊತ್ತಾ, ಮರ್ಯಾದೆಯಿಂದ ಮಾತಾಡಿ, ಕಪ್ಪು ಜನರ ರೂಟಿಗೆ ಕಪ್ಪು ಡ್ರೈವರ್ ತಗೊಳಿ, ಮೊದಲು ಬಂದವರಿಗೆ ಸೀಟು, ಅದೂ ಹಿಂದಿನಿಂದ ತುಂಬ್ತಾ ಬರ್ತೀವಿ ಅಂತ. 1956 ಜನವರಿ 30ರ ಚೀಟಿ, ಬಹಿಷ್ಕಾರದ ಮುಖಂಡ ಕಿಂಗ್ ಮನೆ ಮೇಲೆ ಬಾಂಬ್ ಬಿದ್ದ ರಾತ್ರಿ, ಒಳಗೆ ಹೆಂಡತಿ, ಕೈಗೂಸು. ಕಿಂಗ್ ಅವರಿಗಾಗ ಬರೀ 27 ವರ್ಷ. ಫೆಬ್ರವರಿ 22ರ ಚೀಟಿ, ಬಹಿಷ್ಕಾರ ಮಾಡಿದ್ದೇ ಅಪರಾಧ ಅಂತ ಹಳೇ ಕಾನೂನು ತೆಗೆದು ಮುಖಂಡರನ್ನ ಬಂಧಿಸ್ತಿದ್ದ ದಿನ.

ಎಲ್ಲಕ್ಕಿಂತ ಕಷ್ಟದ್ದು ನವೆಂಬರ್ 13ರ ಚೀಟಿ. ಅವತ್ತು ಸುಪ್ರೀಂ ಕೋರ್ಟ್ ಬಸ್ಸಿನ ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧ ಅನ್ನೋ ತೀರ್ಪನ್ನ ಎತ್ತಿ ಹಿಡೀತು, ಅದೇ ದಿನ ಮಾಂಟ್ಗೋಮರಿಯ ಕೋರ್ಟಲ್ಲಿ ಕಾರ್ ವ್ಯವಸ್ಥೆ ನಿಲ್ಲಿಸ್ಬೇಕು ಅನ್ನೋ ಕೇಸು ನಡೀತಿತ್ತು, ಕಾರ್ ಓಡಿಸೋಕೆ ತಡೆಯೂ ಬಿತ್ತು. ಗೆದ್ದಿದ್ದಾರೆ, ಆದ್ರೆ ಆದೇಶದ ಕಾಗದ ಊರಿಗೆ ಬಂದಿಲ್ಲ, ಕಾರೂ ಇಲ್ಲ. ಆ ಕಾಗದ ಬಂದಿದ್ದು ಡಿಸೆಂಬರ್ 20ಕ್ಕೆ, ಅಲ್ಲಿವರೆಗೆ ಮತ್ತೆ ನಡೆದ್ರು. ಆ ಚೀಟಿ ಸಿಕ್ಕ ಒಬ್ಬ ಹುಡುಗಿ ಮೊದಲು "ನಾವು ಗೆದ್ದೆವು" ಅಂತ ಒಂದು ಪುಟ ತುಂಬಿಸಿದ್ಲು. ನಾನು ಬೈಯ್ಲಿಲ್ಲ, ಎರಡೇ ಪ್ರಶ್ನೆ ಕೇಳ್ದೆ. ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಎದ್ದೇಳ್ತೀಯಾ? ಕಾಲಿಗೆ ಏನಿದೆ? ಎರಡು ದಿನ ಬಿಟ್ಟು ತಂದ್ಲು, ಪೆನ್ಸಿಲಲ್ಲಿ: "ಗೆದ್ದೆವಂತೆ. ಆದರೂ ಅಲಾರಾಂ ನಾಲ್ಕೂವರೆಗೇ ಇಟ್ಟಿದ್ದೇನೆ. ಶೂ ತಳ ಸವೆದ ಕಡೆ ಹೊಸ ರಟ್ಟು ಕತ್ತರಿಸಿ ಇಟ್ಟೆ, ಇನ್ನೆಷ್ಟು ರಟ್ಟು ಬೇಕೋ ಯಾರೂ ಹೇಳುತ್ತಿಲ್ಲ." ಚೀಟಿ ಕೆಲಸ ಮಾಡೋದು ಹೀಗೆ. ಕ್ರಿಯೇಟಿವಿಟಿ ಅಂದ್ರೆ ಮನಸ್ಸಿಗೆ ಬಂದಿದ್ದು ಬರೆಯೋದು ಅಂದ್ಕೊಂಡಿರೋ ಮೇಷ್ಟ್ರುಗಳು ದಯವಿಟ್ಟು ಇದನ್ನೊಂದು ಸಲ ಮಾಡಿಸಿ ನೋಡಿ, ಕಟ್ಟು ಬಿಗಿ ಮಾಡಿದಷ್ಟೂ ಮಕ್ಕಳ ಕಲ್ಪನೆ ಚುರುಕಾಗತ್ತೆ.

ಹಂತ 5: ಫೋಟೋ ಪತ್ತೇದಾರಿ

ಚಿತ್ರ ಅಂಟಿಸ್ಲೇಬೇಕು ಅಂತ ಮಕ್ಕಳು ಹಟ ಹಿಡೀತಾರೆ. ಸರಿ, ಆದ್ರೆ ಪ್ರತಿ ಫೋಟೋ ಕೆಳಗೆ ಯಾವತ್ತು ತೆಗೆದಿದ್ದು ಅಂತ ಬರೀಬೇಕು. ಪಾರ್ಕ್ಸ್ ಬಸ್ ಕಿಟಕಿ ಪಕ್ಕ ಕೂತು ಹಿಂದೆ ಒಬ್ಬ ಬಿಳಿಯ ಮನುಷ್ಯ ಇರೋ ಫೋಟೋ ಇದ್ಯಲ್ಲ, ಎಲ್ಲರೂ ಅದನ್ನ ಬಂಧನದ ದಿನದ್ದು ಅಂತ ಹಾಕ್ತಾರೆ, ಅದು ತೆಗೆದಿದ್ದು ಬಹಿಷ್ಕಾರ ಮುಗಿದ ಮೇಲೆ 1956 ಡಿಸೆಂಬರ್ 21ಕ್ಕೆ, ಹಿಂದೆ ಕೂತಿರೋದು ಪತ್ರಕರ್ತ. ಬೆರಳಚ್ಚು ತಗೊಳ್ತಿರೋ ಫೋಟೋ ಕೂಡ 1956ರ ಫೆಬ್ರವರಿಯ ಎರಡನೇ ಬಂಧನದ್ದು. ಅಂಗಡಿಲಿ ಸಿಗೋ ರೆಡಿಮೇಡ್ ಚಿತ್ರದ ಹಾಳೆಗಳಲ್ಲಿ ತಾರೀಖೇ ಇರಲ್ಲ, ಅವನ್ನ ತಗೋಬೇಡಿ. ಕಿಂಗ್ ಹೆಸರಲ್ಲಿ ನೆಟ್ಟಲ್ಲಿ ಓಡಾಡೋ ನುಡಿಮುತ್ತುಗಳೂ ಬೇಡ, ಅವರು ಹೇಳದೇ ಇರೋದೇ ಅದರಲ್ಲಿ ಬೇಕಾದಷ್ಟಿವೆ.

ಹಂತ 6: ಗೋಡೆಗೆ ಪಟ್ಟಿ

ಹಳೇ ಕ್ಯಾಲೆಂಡರ್ ಹಿಂಬದಿ ಕತ್ತರಿಸಿ ಉದ್ದಕ್ಕೆ ಅಂಟಿಸಿ, ದಿನಕ್ಕೆ ಅರ್ಧ ಇಂಚಿನ ಒಂದು ಚೌಕ, 381 ಚೌಕಕ್ಕೆ ಹತ್ರ ಹತ್ರ 16 ಅಡಿ ಆಗತ್ತೆ. ಲೆಕ್ಕ ಮಕ್ಕಳೇ ಹಾಕ್ಲಿ, ಕೊನೆಯ ಡಿಸೆಂಬರ್ 20 ಬಿಟ್ಟು ಎಣಿಸ್ಬೇಕು, 1956 ಅಧಿಕ ವರ್ಷ, ಫೆಬ್ರವರಿ 29 ಮರೆತೋರಿಗೆ 380 ಬರತ್ತೆ. ಕರಪತ್ರ, ಟೈಮ್‌ಟೇಬಲ್, ಡೈರಿ ಎಲ್ಲಾ ಆಯಾ ತಾರೀಖಿನ ಕೆಳಗೆ ನೇತು ಹಾಕಿ. ಮಾರ್ಕ್ಸ್ ಕೊಡುವಾಗ ಅಂದ ಚಂದಕ್ಕೆ ಕೊಡ್ಬೇಡಿ, ಗೋಡೆ ಹತ್ರ ನಿಲ್ಲಿಸಿ "ಈ ಚೌಕದ ದಿನ ನಿನ್ನ ಮನುಷ್ಯನಿಗೆ ಏನು ಗೊತ್ತಿರ್ಲಿಲ್ಲ?" ಅಂತ ಒಂದೇ ಪ್ರಶ್ನೆ ಕೇಳಿ.

ಪಟ್ಟಿ ಅಂಟಿಸುವಾಗ ಗೋಡೆಯ ಎಡ ತುದಿಯಿಂದ ಶುರು ಮಾಡ್ಬೇಡಿ, ಎಡಕ್ಕೆ ಮೂರು ನಾಲ್ಕಡಿ ಖಾಲಿ ಬಿಡಿ. ನಾನು ಮೊದಲ ಸಲ ಬಿಟ್ಟಿರ್ಲಿಲ್ಲ. ಕ್ಲಾಸಿನ ಒಬ್ಬ ಹುಡುಗ ಕ್ಲಾಡೆಟ್ ಕಾಲ್ವಿನ್ ಬಗ್ಗೆ ಎಲ್ಲೋ ಓದ್ಕೊಂಡು ಬಂದಿದ್ದ, ಹದಿನೈದು ವರ್ಷದ ಸ್ಕೂಲ್ ಹುಡುಗಿ, ಅದೇ ಊರಲ್ಲಿ 1955ರ ಮಾರ್ಚ್ 2ಕ್ಕೇ, ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮುಂಚೆ, ಸೀಟ್ ಬಿಡಲ್ಲ ಅಂದು ಬಂಧನ ಆದವಳು, ಕೊನೆಗೆ ಕೋರ್ಟಲ್ಲಿ ಗೆದ್ದ ಕೇಸಿನ ನಾಲ್ಕು ಜನ ಫಿರ್ಯಾದಿಗಳಲ್ಲಿ ಅವಳೂ ಒಬ್ಬಳು. "ಇವಳನ್ನ ಎಲ್ಲಿ ಅಂಟಿಸ್ಲಿ ಮಿಸ್, ಜಾಗ ಇಲ್ಲ" ಅಂತ ಕೈಯಲ್ಲಿ ಚೀಟಿ ಹಿಡ್ಕೊಂಡು ನಿಂತಿದ್ದ. ಅದನ್ನ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ್ವಿ. ಬಲಗಡೆನೂ ಅಷ್ಟೇ ಜಾಗ ಇರ್ಲಿ, ಅವಳ ಮೇಲಿದ್ದ ಆ ಹಳೇ ಬಂಧನದ ದಾಖಲೆಯನ್ನ ಕೋರ್ಟ್ ಅಳಿಸಿದ್ದು 2021ರಲ್ಲಿ.