ಬರೆದಿದ್ದೆಷ್ಟು, ಹೊಟ್ಟೆಗೆ ಹೋಗಿದ್ದೆಷ್ಟು: ಐಸಿಯು ಡಯಟೀಷಿಯನ್ ಆಗಿ ನಾನು ಕಲಿತ ಬಗೆ

ವೆಂಟಿಲೇಟರ್ ಮೇಲಿದ್ದ ಒಬ್ಬ ರೋಗಿಗೆ ಟ್ಯೂಬ್ ಫೀಡ್, ಅಂದರೆ ಕೊಳವೆಯಲ್ಲಿ ಹೊಟ್ಟೆಗೆ ಹೋಗುವ ದ್ರವ ಆಹಾರ, ಬರೆದಿದ್ದೆ. ಗಂಟೆಗೆ 60 ಮಿಲಿ, ದಿನಕ್ಕೆ 1,440 ಮಿಲಿ. ಮಿಲಿಗೆ ಒಂದು ಕ್ಯಾಲರಿ ಇರುವ ಫೀಡ್. ಲೆಕ್ಕ ಸರಿ ಇತ್ತು, ಫೈಲಿನಲ್ಲಿ ನನ್ನ ಸಹಿಯೂ ಇತ್ತು. ದಿನಾ ಬೆಳಗ್ಗೆ ಹೋಗುವುದು, 'ಅದೇ ಮುಂದುವರಿಸಿ' ಅಂತ ಬರೆಯುವುದು, ಬರುವುದು. ಒಂದು ದಿನ ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಸಿಸ್ಟರ್ ಒಬ್ಬರು ನನ್ನ ಪಕ್ಕ ನಿಂತು ಹೇಳಿದರು: "ಮೇಡಂ, ನೀವು ಬರೆದು ಹೋಗ್ತೀರಿ. ಇಲ್ಲಿ ಏನೇನಾಗುತ್ತೆ ಅಂತ ಒಂದ್ಸಲ ಇದ್ದು ನೋಡಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗಾಗಿಯೇ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅದೇ ವಾರ ಒಂದು ದಿನ ಬೆಳಗ್ಗೆ 8ಕ್ಕೆ ಹೋದವಳು ಮಾರನೇ ದಿನ 8ರವರೆಗೂ ಆ ಬೆಡ್ ಹತ್ತಿರವೇ ಇದ್ದೆ.

ಮಧ್ಯಾಹ್ನ ಸ್ಕ್ಯಾನ್‌ಗೆ ಅಂತ ಪಂಪ್ ನಿಲ್ಲಿಸಿದರು. ಸ್ಕ್ಯಾನ್ ಆಗಿದ್ದು ಅರ್ಧ ಗಂಟೆಯಲ್ಲಿ. ಆದರೆ ಕಾದು, ಹೋಗಿ, ಬಂದು, ಮತ್ತೆ ಪಂಪ್ ಶುರುವಾಗುವಷ್ಟರಲ್ಲಿ 5 ಗಂಟೆ ಕಳೆದಿತ್ತು. ರಾತ್ರಿ ಹೊಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ಸಿರಿಂಜಿನಲ್ಲಿ ಎಳೆದು ನೋಡಿದರು. 220 ಮಿಲಿ ಬಂತು. ಜಾಸ್ತಿ ಆಯ್ತು ಅಂತ 3 ಗಂಟೆ ಫೀಡ್ ಬಂದ್. ಮೈ ಒರೆಸುವಾಗ, ಮಗ್ಗುಲು ಬದಲಿಸುವಾಗ, ಮಾತ್ರೆ ಪುಡಿ ಮಾಡಿ ಹಾಕುವಾಗ ಹತ್ತತ್ತು ನಿಮಿಷ ನಿಂತಿದ್ದು ಸೇರಿಸಿದರೆ ಇನ್ನೊಂದು ಗಂಟೆ. ಬೆಳಗ್ಗೆ ಪಂಪ್ ತೋರಿಸಿದ ಒಟ್ಟು ಮೊತ್ತ 900. ನಾನು ಬರೆದಿದ್ದರಲ್ಲಿ 540 ಮಿಲಿ ಹೋಗಿಯೇ ಇರಲಿಲ್ಲ. ಅದಕ್ಕೆ ಮೊದಲಿನ ದಿನಗಳ ಚಾರ್ಟ್ ತಿರುವಿ ಹಾಕಿದೆ. ಹೆಚ್ಚುಕಮ್ಮಿ ಅದೇ ಕಥೆ.

ಕಾಲೇಜಿನಲ್ಲಿ ಲೆಕ್ಕ ಹಾಕುವುದನ್ನು ಚೆನ್ನಾಗಿಯೇ ಕಲಿತಿದ್ದೆ. ಹಾಕಿದ ಲೆಕ್ಕ ರೋಗಿಯ ಹೊಟ್ಟೆ ತಲುಪಿತಾ ಅಂತ ನೋಡುವುದು ನನ್ನ ಕೆಲಸ ಅನ್ನಿಸಿದ್ದು ಆ ಬೆಳಗ್ಗೆ. ಒಂದು ನೋಟ್‌ಬುಕ್ ಶುರು ಮಾಡಿದೆ. ಪುಟಕ್ಕೆ ಮೂರು ಕಾಲಂ: ಬರೆದಿದ್ದು, ಹೋಗಿದ್ದು, ಯಾಕೆ ಕಡಿಮೆ. ಎರಡು ತಿಂಗಳು ಬರೆದ ಮೇಲೆ ಮೂರನೇ ಕಾಲಂನಲ್ಲಿ ಅವೇ ನಾಲ್ಕೈದು ಕಾರಣಗಳು ಮತ್ತೆ ಮತ್ತೆ ಕಂಡವು. ಅವನ್ನು ಹಿಡಿದುಕೊಂಡೇ ಓದಲು ಕೂತೆ. ಪ್ರಶ್ನೆ ಕೈಯಲ್ಲಿದ್ದಾಗ ಮಾರ್ಗಸೂಚಿ ಓದುವ ರುಚಿಯೇ ಬೇರೆ. ರೋಗಿಗಳ ಪೋಷಣೆಗೆ ಸಂಬಂಧಿಸಿದ ಅಮೆರಿಕದ ಆಸ್ಪೆನ್ ಸಂಘ ಕ್ರಿಟಿಕಲ್ ಕೇರ್ ವೈದ್ಯರ ಸಂಘದ ಜೊತೆ ಸೇರಿ 2016ರಲ್ಲಿ ತಂದ ಮಾರ್ಗಸೂಚಿಯಲ್ಲಿ, ತೊಂದರೆಯ ಬೇರೆ ಲಕ್ಷಣ ಇಲ್ಲದಿದ್ದರೆ ಹೊಟ್ಟೆಯಲ್ಲಿ ಉಳಿದಿದ್ದು 500 ಮಿಲಿಗಿಂತ ಕಡಿಮೆ ಇದ್ದಾಗ ಫೀಡ್ ನಿಲ್ಲಿಸಬೇಡಿ ಅಂತಿದೆ. ನಾವು 220ಕ್ಕೇ ನಿಲ್ಲಿಸುತ್ತಿದ್ದೆವು.

ಆ ಪುಟವನ್ನೂ ನನ್ನ ನೋಟ್‌ಬುಕ್ಕನ್ನೂ ಐಸಿಯು ಡಾಕ್ಟರ್ ಮುಂದಿಟ್ಟೆ. ಒಂದೇ ದಿನಕ್ಕೆ ಏನೂ ಬದಲಾಗಲಿಲ್ಲ. ಸಿಸ್ಟರ್‌ಗಳ ಜೊತೆ ನಾಲ್ಕು ಸಲ ಕೂತು ಮಾತಾಡಿದ ಮೇಲೆ ಗಂಟೆಯ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬಂದೆವು. ಸ್ಕ್ಯಾನ್‌ಗೆ ಹೋಗಿ ಫೀಡ್ ತಪ್ಪಿದರೆ, ಉಳಿದ ಗಂಟೆಗಳಲ್ಲಿ ವೇಗ ಸ್ವಲ್ಪ ಹೆಚ್ಚಿಸಿ ಸರಿದೂಗಿಸುವುದು. ಎಷ್ಟರವರೆಗೆ ಹೆಚ್ಚಿಸಬಹುದು ಅನ್ನುವ ಮಿತಿಯನ್ನೂ ಬರೆದುಕೊಟ್ಟೆವು. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು ಅನ್ನುವುದಂತೂ ಇದ್ದೇ ಇತ್ತು.

ಇನ್ನೊಂದು ಅನುಭವ ಹೇಳಲೇಬೇಕು. ಬರೆಯಲು ಇವತ್ತಿಗೂ ಕಷ್ಟವಾಗುತ್ತದೆ. 12 ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಬಂದಿದ್ದ, 40 ಕಿಲೋ ತೂಕದ ಒಬ್ಬ ರೋಗಿ. ಪಾಪ, ಇಷ್ಟು ಸೊರಗಿದ್ದಾರೆ, ಬೇಗ ಪೂರ್ತಿ ಕೊಡಬೇಕು ಅಂತ ಮೊದಲ ದಿನವೇ ಕಿಲೋಗೆ 25 ಕ್ಯಾಲರಿಯಂತೆ 1,000 ಬರೆದೆ. ಮೂರನೇ ದಿನ ಅವರಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ, ಉಸಿರಾಟ ಮೇಲುಮೇಲಾಗಿತ್ತು. ರಕ್ತದಲ್ಲಿ ಫಾಸ್ಫೇಟ್ ತೀರಾ ಕೆಳಗಿಳಿದಿತ್ತು. ಡಾಕ್ಟರ್ ನೋಡಿದ ತಕ್ಷಣ ಹೇಳಿದರು: ರೀಫೀಡಿಂಗ್.

ಉಪವಾಸವಿದ್ದ ಮೈಗೆ ಒಮ್ಮೆಲೇ ಸಕ್ಕರೆ ಅಂಶ ಬಂದರೆ ಇನ್ಸುಲಿನ್ ಏರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ರಕ್ತದಿಂದ ಜೀವಕೋಶಗಳ ಒಳಗೆ ನುಗ್ಗುತ್ತವೆ. ಇದ್ದ ಚೂರುಪಾರು ಥಯಮಿನ್ (ವಿಟಮಿನ್ ಬಿ1) ಕೂಡ ಖರ್ಚಾಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಹಸಿದು ಕಂಗಾಲಾಗಿದ್ದ ಯುದ್ಧಕೈದಿಗಳಿಗೆ ಊಟ ಕೊಟ್ಟ ಮೇಲೆ ಕೆಲವರು ಸತ್ತಿದ್ದನ್ನು ಪರೀಕ್ಷೆಗೆ ಓದಿದ್ದೆ, ಮಾರ್ಕ್ಸೂ ತೆಗೆದಿದ್ದೆ. ಆ ರೋಗಿಯ ಮುಂದೆ ನಿಂತಾಗ ಅದು ನೆನಪಿಗೇ ಬರಲಿಲ್ಲ. ಫೀಡ್ ಇಳಿಸಿ, ಡ್ರಿಪ್‌ನಲ್ಲಿ ಫಾಸ್ಫೇಟ್ ಕೊಟ್ಟರು. ಅವರು ಚೇತರಿಸಿಕೊಂಡರು. ನನಗೆ ಮಾತ್ರ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ.

ಅಂದಿನಿಂದ ಹೊಸ ರೋಗಿಯ ಮೊದಲ ಭೇಟಿಯಲ್ಲಿ, ಕ್ಯಾಲ್ಕುಲೇಟರ್ ಮುಟ್ಟುವ ಮೊದಲು, ಮನೆಯವರನ್ನು ಕೇಳುತ್ತೇನೆ: ಕೊನೆಯ ಸಲ ಹೊಟ್ಟೆ ತುಂಬ ಊಟ ಮಾಡಿದ್ದು ಯಾವಾಗ? ಉಡುಪು ಸಡಿಲ ಆಗಿದೆಯಾ? ಬ್ರಿಟನ್ನಿನ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿಯಲ್ಲಿ 10 ದಿನಕ್ಕಿಂತ ಹೆಚ್ಚು ಏನೂ ತಿನ್ನದವರನ್ನು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 16ಕ್ಕಿಂತ ಕಡಿಮೆ ಇರುವವರನ್ನು ಹೆಚ್ಚಿನ ಅಪಾಯದವರು ಅಂತ ಗುರುತಿಸಿದ್ದಾರೆ. ಅಂಥವರಿಗೆ ಶುರುವಿನಲ್ಲಿ ಕಿಲೋಗೆ 10 ಕ್ಯಾಲರಿ ದಾಟಬಾರದು. ಅಂದರೆ ಆ ರೋಗಿಗೆ 400. ಥಯಮಿನ್ ಫೀಡ್‌ಗಿಂತ ಮೊದಲೇ ಹೋಗಬೇಕು. ಫಾಸ್ಫೇಟ್ ರಿಪೋರ್ಟ್ ಕೈಗೆ ಬಾರದೆ ನಾನು ಈಗ ಫೀಡ್ ಏರಿಸುವುದಿಲ್ಲ.

ಫಾರ್ಮಸಿಯವರ ಸಹವಾಸ ಮಾಡಿದ್ದು ಇದಾದ ಮೇಲೆ. ವಾರಕ್ಕೆ ಒಂದು ಮಧ್ಯಾಹ್ನ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ನಿದ್ದೆಗೆ ಕೊಡುವ ಪ್ರೊಪೊಫಾಲ್ ಕೊಬ್ಬಿನ ದ್ರಾವಣದಲ್ಲಿ ಬರುತ್ತದೆ, ಮಿಲಿಗೆ 1.1 ಕ್ಯಾಲರಿ ಅಂತ ತೋರಿಸಿಕೊಟ್ಟವರು ಅವರೇ. ಗಂಟೆಗೆ 20 ಮಿಲಿ ಓಡುತ್ತಿದ್ದರೆ ದಿನಕ್ಕೆ 528 ಕ್ಯಾಲರಿ ಆಯಿತು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ರೋಗಿಗೆ ಅತಿಯಾಗುತ್ತದೆ, ಅಲ್ವಾ? ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಕೊಡುವ ಟಿಪಿಎನ್ ಚೀಲದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಮಿತಿ ಮೀರಿದರೆ ಕಣಗಳಾಗಿ ಗಟ್ಟಿಯಾಗುತ್ತವೆ. 1994ರಲ್ಲಿ ಅಮೆರಿಕದಲ್ಲಿ ಇಬ್ಬರು ಸತ್ತ ಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಇದನ್ನು ಕೇಳಿದ ಮೇಲೆ ಟಿಪಿಎನ್ ಬರೆಯುವಾಗ ಫಾರ್ಮಸಿಗೆ ಒಂದು ಫೋನ್ ಮಾಡದೆ ನಾನು ಸಹಿ ಹಾಕಿದ್ದಿಲ್ಲ.

ಕೋರ್ಸ್, ಪರೀಕ್ಷೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಇದೇ ಕ್ಷೇತ್ರದ ಯುರೋಪಿನ ಎಸ್ಪೆನ್ ಸಂಘದ ಎಲ್‌ಎಲ್‌ಎಲ್ ಅನ್ನುವ ಪಾಠಗಳನ್ನು ಆನ್‌ಲೈನ್‌ನಲ್ಲಿ ಮಾಡಬಹುದು. ರೋಗಿಗಳ ಪೋಷಣೆಯಲ್ಲಿ ಪರಿಣತಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಿಎನ್‌ಎಸ್‌ಸಿ ಪರೀಕ್ಷೆಯನ್ನು ಡಯಟೀಷಿಯನ್‌ಗಳಷ್ಟೇ ಅಲ್ಲ, ಡಾಕ್ಟರ್, ನರ್ಸ್, ಫಾರ್ಮಸಿಸ್ಟ್‌ಗಳೂ ಬರೆಯುತ್ತಾರೆ. ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಎರಡೂ ಒಳ್ಳೆಯವೇ. ಆದರೆ ಕೆಲಸಕ್ಕೆ ಸೇರಿದ ಕೂಡಲೇ ಓಡಬೇಡಿ ಅಂತ ನನ್ನ ಅಭಿಪ್ರಾಯ. ಒಂದೆರಡು ವರ್ಷ ರೌಂಡ್ಸ್‌ನಲ್ಲಿ ನಿಂತು, ನಿಮ್ಮದೇ ಪ್ರಶ್ನೆಗಳು ಹುಟ್ಟಿದ ಮೇಲೆ ಓದಿ. ಪಾಠದ ಒಂದೊಂದು ಸಾಲಿಗೂ ಒಬ್ಬ ರೋಗಿ ನೆನಪಾಗುತ್ತಾರೆ.

ಓದು ನನ್ನ ಗಟ್ಟಿ ನಂಬಿಕೆಗಳನ್ನೂ ಅಲ್ಲಾಡಿಸಿತು. ಐಸಿಯುನಲ್ಲಿ ಪ್ರೋಟೀನ್ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅಂತ ಕಿರಿಯರಿಗೆ ಹೇಳಿಕೊಡುತ್ತಿದ್ದೆ. 2023ರಲ್ಲಿ ಎಫರ್ಟ್ ಅಧ್ಯಯನ ಬಂತು. 1,300ಕ್ಕೂ ಹೆಚ್ಚು ರೋಗಿಗಳಲ್ಲಿ ದಿನಕ್ಕೆ ಕಿಲೋಗೆ 2.2 ಗ್ರಾಂ ಅಥವಾ ಹೆಚ್ಚು ಕೊಡುವುದನ್ನೂ, 1.2 ಅಥವಾ ಕಡಿಮೆ ಕೊಡುವುದನ್ನೂ ಹೋಲಿಸಿದ್ದರು. ಜಾಸ್ತಿ ಕೊಟ್ಟವರು ಬೇಗ ಮನೆಗೆ ಹೋಗಲಿಲ್ಲ. ಕಿಡ್ನಿ ಕೆಟ್ಟಿದ್ದವರಿಗೆ ಕೆಡುಕೇ ಆದಂತಿತ್ತು. ಮಾರನೇ ದಿನವೇ ಹುಡುಗಿಯರನ್ನು ಕೂರಿಸಿಕೊಂಡು, ನಾನು ಹೇಳಿದ್ದು ಸರಿ ಇರಲಿಲ್ಲ ಅಂದೆ.

ಅವರಲ್ಲಿ ಒಬ್ಬಳು ಮೊನ್ನೆ ಐಸಿಯುನಿಂದ ಫೋನ್ ಮಾಡಿದಳು. ಒಬ್ಬ ರೋಗಿಗೆ ವಿಪರೀತ ಭೇದಿ, ಎಲ್ಲರೂ ಫೀಡ್ ನಿಲ್ಲಿಸಿ ಅನ್ನುತ್ತಿದ್ದಾರಂತೆ. "ಮೇಡಂ, ಸೋಂಕಿನ ಟೆಸ್ಟ್‌ಗೆ ಕಳಿಸಿದೀವಿ. ಅದು ಬರೋವರೆಗೂ ಸುಮ್ನೆ ಕೂರೋದು ಬೇಡ ಅಂತ ಟ್ಯೂಬಲ್ಲಿ ಹೋಗ್ತಿರೋ ಸಿರಪ್ ಬಾಟಲಿ ಎಲ್ಲಾ ಟ್ರಾಲಿ ಮೇಲೆ ಸಾಲಾಗಿ ಇಟ್ಕೊಂಡು ಲೇಬಲ್ ಓದ್ತಿದೀನಿ. ಮೂರರಲ್ಲಿ ಸಾರ್ಬಿಟಾಲ್ ಇದೆ." ಸಾರ್ಬಿಟಾಲ್ ಕರುಳಿಗೆ ನೀರು ಎಳೆಯುತ್ತದೆ, ಜಾಸ್ತಿಯಾದರೆ ಭೇದಿ ಆಗುತ್ತದೆ. ಫಾರ್ಮಸಿಗೆ ಹೇಳಿದೆಯಾ ಅಂತ ಕೇಳಿದೆ. ಆಗಲೇ ಹೇಳಿದ್ದಳು. ಫೀಡ್ ಗಂಟೆಗೆ 50 ಮಿಲಿಯಂತೆ ಓಡುತ್ತಲೇ ಇತ್ತು.